ಮೇಜಿನಡಿ ತಲೆಕೆಳಗಾದ ರೂಟರ್

ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆ ಹೊರಟವರಿಗೆ ‘ಟಿಂಬರ್ ಯಾರ್ಡ್ ಲೇಔಟ್’ ಎಂಬ ಹೆಸರು ಕಣ್ಣಿಗೆ ಬೀಳುತ್ತದೆ. ಇತ್ತ ರಾಜಾಜಿನಗರಕ್ಕೆ ಹತ್ತಿರದ ಮಲ್ಲೇಶ್ವರ 18ನೇ ಕ್ರಾಸಿನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. 1938ರಲ್ಲಿ ಮೈಸೂರು ಸಂಸ್ಥಾನ ತೆರೆದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ ಅದರ ಮೂಲ. ನಗರದ ಈ ಭಾಗಕ್ಕೆ ಮರದ ನಂಟು ಹೊಸದೇನಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಆರರಿಂದ ಎಂಟನೇ ತರಗತಿಯ ಮಕ್ಕಳು ಮಾಡಿ ನೋಡಬೇಕಾದ ಕಸುಬುಗಳ ಸಾಲಿನಲ್ಲಿ ಮರಗೆಲಸದ ಹೆಸರಿದೆ. ಆದರೆ ಮಕ್ಕಳು ಆಸೆಪಟ್ಟು ಕೇಳಿದಾಗ ಹೆತ್ತವರಿಗೆ ಏಳುವ ಪ್ರಶ್ನೆಗಳು ಎರಡು: ಖರ್ಚೆಷ್ಟು? ಅಪಾಯವೆಷ್ಟು?

ಉಳಿ, ಗರಗಸ, ಸುತ್ತಿಗೆಗಳ ಪರಿಚಯವಾದ ಮೇಲೆ ಹೊಸಬರ ಕಣ್ಣು ಹೋಗುವುದು ರೂಟರ್ ಮೇಲೆ. ವೇಗವಾಗಿ ತಿರುಗುವ ಬಿಟ್‌ನಿಂದ ಹಲಗೆಯಲ್ಲಿ ಕಾಲುವೆಯಂಥ ತೋಡು ಕೊರೆಯುವ, ಚೂಪಾದ ಅಂಚನ್ನು ಗುಂಡಾಗಿಸುವ ಯಂತ್ರ ಇದು. ಇದರ ಪುಟ್ಟ ತಮ್ಮನಿಗೆ ಅಂಗಡಿಗಳಲ್ಲಿ ‘ಟ್ರಿಮ್ಮರ್’ ಎನ್ನುತ್ತಾರೆ. ಇದು 6 ಮಿಲಿಮೀಟರ್ ದಂಡದ ಬಿಟ್ ಹಿಡಿಯುತ್ತದೆ. ಅಗ್ಗದ ಮಾದರಿಗಳು ಮೂರು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತವೆ. ಕೈಯಲ್ಲಿ ಹಿಡಿದಾಗ ಯಂತ್ರ ಮರದ ಮೇಲೆ ಓಡುತ್ತದೆ. ಸಣ್ಣ ತುಂಡಿನ ಮೇಲೆ ಅದು ನಿಲ್ಲದೆ ವಾಲುತ್ತದೆ. ಅದನ್ನೇ ತಲೆಕೆಳಗಾಗಿಸಿ ಮೇಜಿನ ಅಡಿಗೆ ಬಿಗಿದರೆ ಯಂತ್ರ ನಿಂತಲ್ಲೇ ನಿಲ್ಲುತ್ತದೆ, ಮರ ಚಲಿಸುತ್ತದೆ. ಇದೇ ರೂಟರ್ ಟೇಬಲ್.

ಇಂಥ ಮೇಜನ್ನು ವಿಜಯನಗರ, ಬಸವೇಶ್ವರನಗರಗಳ ಮೂವತ್ತು-ನಲವತ್ತು ಸೈಟಿನ ಮನೆಯ ಪೋರ್ಟಿಕೋದಲ್ಲೇ ಮಾಡಿಕೊಳ್ಳಬಹುದು. 18 ಮಿ.ಮೀ. ದಪ್ಪದ, ಸೊಟ್ಟಗಿಲ್ಲದ ಪ್ಲೈವುಡ್ ತುಂಡು, ಸುಮಾರು ಎರಡಡಿ ಉದ್ದ, ಒಂದೂವರೆ ಅಡಿ ಅಗಲ. ನಡುವೆ ಒಂದು ಚೌಕ ಕಿಂಡಿ. ಆ ಕಿಂಡಿಗೆ ಮೇಲ್ಮೈಯ ಮಟ್ಟಕ್ಕೇ ಕೂರುವಂತೆ 6 ಮಿ.ಮೀ. ಹೈಲಂ ಹಾಳೆ. ಎಲೆಕ್ಟ್ರಿಕಲ್ ಪ್ಯಾನೆಲ್‌ಗಳಿಗೆ ಬಳಸುವ ಈ ಹಾಳೆ ಗಟ್ಟಿ, ಸುಲಭಕ್ಕೆ ಬಾಗದು. ಟ್ರಿಮ್ಮರ್‌ನ ತಳದ ಪ್ಲಾಸ್ಟಿಕ್ ಬಿಲ್ಲೆ ಬಿಚ್ಚಿ, ಅದೇ ಸ್ಕ್ರೂ ತೂತುಗಳ ಗುರುತಿನಲ್ಲಿ ಯಂತ್ರವನ್ನು ಹಾಳೆಗೆ ಬಿಗಿಯಬೇಕು. ಸ್ಕ್ರೂ ತಲೆ ಮೇಲೆ ಚಾಚಿಕೊಂಡಿರಬಾರದು. ಇಷ್ಟನ್ನೂ ಒಂದು ಭದ್ರ ಪೆಟ್ಟಿಗೆಯ ಮೇಲೆ ಕೂರಿಸಿ, ಪೆಟ್ಟಿಗೆಯನ್ನು ಅಲುಗಾಡದ ಬೆಂಚಿಗೆ ಕ್ಲಾಂಪ್ ಹಾಕಬೇಕು.

ಇನ್ನು ಮರವನ್ನು ನೇರವಾಗಿ ನಡೆಸಲು ‘ಫೆನ್ಸ್’, ಅಂದರೆ ಒಂದು ನೇರ ಪಟ್ಟಿ. ದುಬಾರಿ ಮೇಜುಗಳಲ್ಲಿ ಇದಕ್ಕೆ ಅಲ್ಯೂಮಿನಿಯಂ ಹಳಿ, ಅಳತೆ ತಿರುಪು ಎಲ್ಲ ಇರುತ್ತವೆ. ಹೊಸಬರಿಗೆ ಅವಿಲ್ಲದೆಯೂ ನಡೆಯುತ್ತದೆ, ಕಾರಣ ರೇಖಾಗಣಿತದಲ್ಲಿದೆ. ಗರಗಸದ ಅಲಗು ಒಂದು ಗೆರೆಯಂತೆ. ಪಟ್ಟಿ ಅದಕ್ಕೆ ಸಮಾಂತರವಾಗಿರಲೇಬೇಕು. ರೂಟರ್ ಬಿಟ್ ದುಂಡಗಿದೆ, ತನ್ನ ಅಕ್ಷದ ಸುತ್ತ ತಿರುಗುತ್ತದೆ. ಪಟ್ಟಿಯನ್ನು ಯಾವ ಕೋನದಲ್ಲಿಟ್ಟರೂ ಅದಕ್ಕೊರಗಿ ಸಾಗುವ ಮರದ ಮೇಲೆ ತೋಡು ಪಟ್ಟಿಗೆ ಸಮಾಂತರವಾಗಿಯೇ ಬೀಳುತ್ತದೆ. ಹೀಗಾಗಿ ಪಟ್ಟಿಯ ಒಂದು ತುದಿಗೆ ಬೋಲ್ಟು, ಇನ್ನೊಂದು ತುದಿಗೆ ಸಿ-ಕ್ಲಾಂಪ್ ಸಾಕು.

ಹತ್ತನೇ ತರಗತಿಯ ಸಮರೂಪ ತ್ರಿಭುಜಗಳೂ ಇಲ್ಲಿ ನೆರವಿಗೆ ಬರುತ್ತವೆ. ಬಿಟ್ ಸರಿಯಾಗಿ ಬೋಲ್ಟು ಮತ್ತು ಕ್ಲಾಂಪ್‌ಗಳ ನಡುಮಧ್ಯೆ ಇದ್ದರೆ, ಕ್ಲಾಂಪಿನ ತುದಿಯನ್ನು 1 ಮಿ.ಮೀ. ಸರಿಸಿದಾಗ ಬಿಟ್‌ನ ಬಳಿ ಪಟ್ಟಿ ಸರಿಯುವುದು ಅರ್ಧ ಮಿ.ಮೀ. ಮಾತ್ರ. ಶಾಲೆಯ ಸಾಮಾನ್ಯ ಸ್ಕೇಲಿನಿಂದಲೇ ಸೂಕ್ಷ್ಮ ಹೊಂದಾಣಿಕೆ ಸಾಧ್ಯವಾಯಿತು!

ಉಳಿತಾಯ ಇಲ್ಲಿಗೆ ನಿಲ್ಲಬೇಕು. ಈಗ ಇನ್ನೊಂದು ಲೆಕ್ಕ. ಟ್ರಿಮ್ಮರ್ ನಿಮಿಷಕ್ಕೆ 30,000 ಸುತ್ತು ತಿರುಗುತ್ತದೆ ಎಂದರೆ ಸೆಕೆಂಡಿಗೆ 500 ಸುತ್ತು. 12 ಮಿ.ಮೀ. ವ್ಯಾಸದ ಬಿಟ್‌ನ ಪರಿಧಿ ಸುಮಾರು 38 ಮಿ.ಮೀ. ಅದರ ಅಲಗಿನ ವೇಗ ಸೆಕೆಂಡಿಗೆ ಸುಮಾರು 19 ಮೀಟರ್, ಗಂಟೆಗೆ 68 ಕಿಲೋಮೀಟರ್! ಆದ್ದರಿಂದ ಮರವನ್ನು ತಳ್ಳುವ ದಿಕ್ಕು ಮುಖ್ಯ. ಮೇಲಿನಿಂದ ನೋಡಿದರೆ ಮೇಜಿನಲ್ಲಿ ಬಿಟ್ ಅಪ್ರದಕ್ಷಿಣವಾಗಿ ತಿರುಗುತ್ತದೆ. ಪಟ್ಟಿ ಬಿಟ್‌ನ ಹಿಂದಿರಲಿ, ಮರವನ್ನು ಬಲದಿಂದ ಎಡಕ್ಕೆ ತಳ್ಳಿ. ಆಗ ಅಲಗು ಎದುರೊತ್ತುತ್ತದೆ, ಹಿಡಿತ ನಿಮ್ಮ ಕೈಯಲ್ಲಿರುತ್ತದೆ. ಎಡದಿಂದ ಬಲಕ್ಕೆ ತಳ್ಳಿದರೆ ಅಲಗೇ ಮರವನ್ನು ಕಿತ್ತುಕೊಂಡು ಓಡುತ್ತದೆ, ಬೆರಳು ಅದರ ಹಿಂದೆ ಹೋಗುತ್ತದೆ. ಬಿಟ್‌ಗೂ ಪಟ್ಟಿಗೂ ನಡುವೆ ಮರವನ್ನು ಸಿಕ್ಕಿಸಲೇಬಾರದು. ಒಮ್ಮೆಗೆ 3 ಮಿ.ಮೀ.ಗಿಂತ ಆಳ ಬೇಡ, 9 ಮಿ.ಮೀ. ತೋಡಿಗೆ ಮೂರು ಸಲ ಸಾಗಿಸಿ. ಬಿಟ್‌ನ ಸಮೀಪ ತಳ್ಳುವುದಕ್ಕೆ ಕೈ ಬೇಡ, ಒಂದು ಮರದ ಹಿಡಿ ಇರಲಿ.

ಸ್ವಿಚ್ಚಿನ ವಿಚಾರ ಅನೇಕರು ಮರೆಯುವಂಥದು. ಮೇಜಿನಡಿ ಸೇರಿದ ಯಂತ್ರದ ಗುಂಡಿ ತುರ್ತಿನಲ್ಲಿ ಕೈಗೆಟುಕದು. ಕೆಲಸದ ಮಧ್ಯೆ ಕರೆಂಟು ಹೋಯಿತೆನ್ನಿ. ಬಿಟ್ ನಿಂತಿದೆಯೆಂದು ಮಗು ಹೊಟ್ಟು ಗುಡಿಸಲು ಕೈ ಹಾಕುತ್ತದೆ. ಅಷ್ಟರಲ್ಲಿ ಕರೆಂಟು ಬಂದರೆ? ಕೊಳವೆಬಾವಿ ಪಂಪಿನ ಸ್ಟಾರ್ಟರ್ ನೋಡಿದವರಿಗೆ ಉತ್ತರ ಗೊತ್ತು. ಅದರೊಳಗಿನ ವಿದ್ಯುತ್ಕಾಂತ ಕರೆಂಟು ಹೋದೊಡನೆ ಸಂಪರ್ಕ ಬಿಟ್ಟುಬಿಡುತ್ತದೆ. ಹಸಿರು ಗುಂಡಿಯನ್ನು ಮತ್ತೆ ಒತ್ತುವವರೆಗೆ ಮೋಟಾರು ಹೊರಡದು. ಇದೇ ತತ್ತ್ವದ ಚಿಕ್ಕ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್‌ರಿಂದ ಮೇಜಿನ ಮುಂಭಾಗಕ್ಕೆ ಹಾಕಿಸಿ. ಬಿಟ್ ಬದಲಿಸುವಾಗ ಪ್ಲಗ್ಗನ್ನೇ ಕಿತ್ತಿಡಿ.

ಕನ್ನಡಕ, ಕಿವಿಗೆ ರಕ್ಷೆ, ಮೂಗಿಗೆ ಒಳ್ಳೆಯ ಮಾಸ್ಕ್ ಕೂಡ ಖರ್ಚಿನ ಪಟ್ಟಿಯಲ್ಲಿರಲಿ. ಮರದ ಧೂಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1995ರಲ್ಲೇ ಹೇಳಿದೆ. ತೋಳು ಸಡಿಲವಾದ ಅಂಗಿ, ಜೋಲುವ ದುಪಟ್ಟಾ, ಬಿಚ್ಚಿದ ಕೂದಲು ಬೇಡ. ಯಂತ್ರ ಓಡುತ್ತಿರುವಷ್ಟು ಹೊತ್ತೂ ಕೆಲಸ ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿರಲೇಬೇಕು.

ಹೀಗೆ ಪ್ಲೈವುಡ್ಡಿನಲ್ಲಿ, ಪಟ್ಟಿಯಲ್ಲಿ ಹಣ ಉಳಿಸಿ. ಸ್ವಿಚ್ಚು, ಕನ್ನಡಕ, ಹರಿತವಾದ ಬಿಟ್‌ಗೆ ಖರ್ಚು ಮಾಡಿ. ಮೊದಲ ಪಾಠಕ್ಕೆ ಬೇಡದ ತುಂಡಿನಲ್ಲಿ ಒಂದು ತೋಡು ಕೊರೆದು, ಪಟ್ಟಿಯನ್ನು ಓರೆಯಾಗಿಟ್ಟು ಮತ್ತೊಂದು ಕೊರೆಯಿರಿ. ಎರಡೂ ಹಲಗೆಯ ಅಂಚಿಗೆ ಸಮಾಂತರವೇ ಎಂದು ಸ್ಕೇಲು ಹಿಡಿದು ನೋಡಿ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಲ್ಲಿ ಕೈಗೆ ಕೆಸರು ಮೆತ್ತುವುದಕ್ಕಷ್ಟೇ ಅನುಮತಿ ಇದೆ, ಗಾಯವಾಗುವುದಕ್ಕಿಲ್ಲ.