ಕಾಣದ ನೋವಿಗೆ ಸಾಕ್ಷಿ ಯಾರು?

“ಸೇನಾ ಸೇವೆಯಿಂದ ಉಂಟಾದುದಲ್ಲ, ಸೇನಾ ಸೇವೆಯಿಂದ ಉಲ್ಬಣಿಸಿದುದೂ ಅಲ್ಲ.” ರೋಗಪೀಡಿತನಾದ ಸಿಪಾಯಿಯನ್ನು ಮನೆಗೆ ಕಳುಹಿಸುವಾಗ ನಮ್ಮ ಸೈನ್ಯದ ವೈದ್ಯಮಂಡಳಿಗಳು ಎಷ್ಟೋ ಸಲ ಬರೆಯುವ ವಾಕ್ಯವಿದು. ಇದು ಕಾಗದದ ಮೇಲೆ ಬಿತ್ತೆಂದರೆ ಅಂಗವೈಕಲ್ಯದ ವಿಶ್ರಾಂತಿ ವೇತನದ ಬಾಗಿಲು ಮುಚ್ಚಿತೆಂದೇ ಅರ್ಥ. ನಾನು ವೈದ್ಯನಲ್ಲ, ವಕೀಲನೂ ಅಲ್ಲ. ಭಾಷೆಯನ್ನು ಓದಿಸಿ ಹೊಟ್ಟೆ ಹೊರೆದವನು. ಆ ಅಭ್ಯಾಸಬಲದಿಂದಲೇ ಈ ವಾಕ್ಯವನ್ನು ಬಿಡಿಸಿ ನೋಡುತ್ತೇನೆ. ಇದರಲ್ಲಿ ಎರಡು ನಿರಾಕರಣೆಗಳಿವೆ. ಮೊದಲನೆಯದನ್ನು ಹೇಳಬೇಕಾದರೆ ರೋಗದ ಕಾರಣ ಗೊತ್ತಿರಬೇಕು. ಎರಡನೆಯದನ್ನು ಹೇಳಬೇಕಾದರೆ ಆ ಮನುಷ್ಯ ಸೈನ್ಯಕ್ಕೆ ಸೇರಿದಾಗ ಹೇಗಿದ್ದ, ಯಾವ ಯಾವ ನೆಲೆಗಳಲ್ಲಿ ಎಂಥ ಹೊರೆ ಹೊತ್ತ, ಎಷ್ಟು ಚಳಿಯಲ್ಲಿ ನಿಂತ ಎಂಬುದೆಲ್ಲ ಗೊತ್ತಿರಬೇಕು. ಇವೆರಡನ್ನೂ ಬಲ್ಲವರು ತಮ್ಮ ಮಾತಿಗೆ ಕಾರಣವನ್ನೂ ಬರೆಯಬಲ್ಲರಷ್ಟೆ. ಬರೆಯಲಿ ಎಂಬುದೇ ನನ್ನ ವಾದ.

ಯುದ್ಧದಲ್ಲಿ ಕೈ ಕಳೆದುಕೊಂಡವನ ಎದುರಿನಲ್ಲಿ ಈ ತಕರಾರು ಸಾಮಾನ್ಯವಾಗಿ ಏಳುವುದಿಲ್ಲ. ಇಲ್ಲದ ಕೈ ತಾನೇ ಸಾಕ್ಷಿ ನುಡಿಯುತ್ತದೆ. ಬೆನ್ನು ಮತ್ತು ನರಗಳ ಸಂಗತಿ ಬೇರೆ. ತನ್ನ ಬೆನ್ನು ತನಗೆ ಕಾಣದು ಎನ್ನುತ್ತೇವೆ. ಇಲ್ಲಿ ಅದು ಎಷ್ಟೋ ವೇಳೆ ವೈದ್ಯನಿಗೂ ಕಾಣದು. ಸೊಂಟದ ಮೂಳೆಗಳ ನಡುವಣ ಮೆತ್ತೆ ಜರುಗಿ ನರದ ಬುಡವನ್ನು ಒತ್ತಿದರೆ ನೋವು ಸೊಂಟದಲ್ಲಿ ನಿಲ್ಲದೆ ತೊಡೆ, ಮೀನಖಂಡಗಳ ಮೂಲಕ ಪಾದದವರೆಗೆ ಇಳಿಯುತ್ತದೆ. ಚರಕಸಂಹಿತೆ ಇಂಥ ನೋವನ್ನು ಗೃಧ್ರಸಿ ಎಂದು ಕರೆದಿದೆ. ಗೃಧ್ರವೆಂದರೆ ರಣಹದ್ದು, ರೋಗಿಯ ನಡಿಗೆ ಆ ಹಕ್ಕಿಯ ನಡಿಗೆಯನ್ನು ಹೋಲುವುದರಿಂದ ಈ ಹೆಸರು ಬಂದಿತೆಂದು ವಿವರಿಸುತ್ತಾರೆ. ಹಳಬರು ನಡಿಗೆಯನ್ನು ನೋಡಿ ರೋಗಕ್ಕೆ ಹೆಸರಿಟ್ಟರು. ನಾವು ಯಂತ್ರ ತೆಗೆದ ಚಿತ್ರವನ್ನು ನೋಡುತ್ತೇವೆ. ಆದರೆ ಆ ಚಿತ್ರವಾದರೂ ಪೂರ್ಣ ಸತ್ಯವನ್ನು ನುಡಿಯುತ್ತದೆಯೆ? ಬೆನ್ನುನೋವೇ ಇಲ್ಲದ ೯೮ ಜನರ ಬೆನ್ನನ್ನು ಎಂ.ಆರ್.ಐ. ಯಂತ್ರದಲ್ಲಿಟ್ಟು ನೋಡಿದ ಅಧ್ಯಯನವೊಂದು ೧೯೯೪ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಎಲ್ಲ ಮೆತ್ತೆಗಳೂ ಸರಿಯಾಗಿದ್ದವರು ನೂರಕ್ಕೆ ೩೬ರಷ್ಟು ಮಾತ್ರ! ಚಿತ್ರದಲ್ಲಿ ದೋಷವಿದ್ದೂ ನೋವಿಲ್ಲದೆ ಓಡಾಡುವವರಿದ್ದಾರೆ; ಚಿತ್ರ ಚೊಕ್ಕಟವಾಗಿದ್ದೂ ರಾತ್ರಿಯಿಡೀ ನರಳುವವರಿದ್ದಾರೆ. ಹೀಗಿರುವಾಗ ಸುಳ್ಳುಗಾರನಿಗೂ ಅವಕಾಶವುಂಟು, ಸತ್ಯವಂತನಿಗೂ ಸಂಕಟವುಂಟು.

ಈ ತೊಡಕನ್ನು ೧೯೧೪–೧೮ರ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಒಂದೇ ಅಕ್ಷರದಿಂದ ಬಿಡಿಸಲು ನೋಡಿತು. ಕಂದಕಗಳಲ್ಲಿ ಫಿರಂಗಿಯ ಸದ್ದಿಗೆ ನರಗಳು ಕುಸಿದು ನಡುಗುತ್ತ, ಮಾತು ಕಳೆದುಕೊಂಡು ಬಂದವರಿಗೆ ‘ಶೆಲ್ ಶಾಕ್’ ಎಂಬ ಹೆಸರು. ಗುಂಡು ಹತ್ತಿರವೇ ಸಿಡಿದು ಹಾಗಾದರೆ ಕಾಗದದ ಮೇಲೆ ‘ಡಬ್ಲ್ಯು’, ಅಂದರೆ ಗಾಯಾಳು. ಇಲ್ಲವಾದರೆ ‘ಎಸ್’, ಅಂದರೆ ಕಾಯಿಲೆಯವನು. ಮೊದಲಿನವನಿಗೆ ತೋಳಿನ ಮೇಲೆ ಗಾಯದ ಪಟ್ಟಿ ಮತ್ತು ವೇತನದ ಹಕ್ಕು. ಎರಡನೆಯವನಿಗೆ ಎರಡೂ ಇಲ್ಲ. ನಡುಕ ಮಾತ್ರ ಇಬ್ಬರಿಗೂ ಒಂದೇ.

ನಮ್ಮ ನಿಯಮಗಳು ಓದುವುದಕ್ಕೆ ಇಷ್ಟು ಕಠಿಣವಾಗಿಲ್ಲವೆಂಬುದನ್ನು ಒಪ್ಪಲೇಬೇಕು. ಸೇನೆಯ ೧೯೬೧ರ ವಿಶ್ರಾಂತಿ ವೇತನ ನಿಯಮಾವಳಿಯ ಪ್ರಕಾರ ವೈಕಲ್ಯ ಸೇವೆಯಿಂದ ಬಂದಿರಬೇಕು ಇಲ್ಲವೆ ಹೆಚ್ಚಿರಬೇಕು. ನೂರಕ್ಕೆ ೨೦ಕ್ಕಿಂತ ಕಡಿಮೆಯಿರಬಾರದು. ೧೯೮೨ರ ಅರ್ಹತಾ ನಿಯಮಗಳು ಇನ್ನೂ ಉದಾರವಾದವು. ಸೇರುವಾಗ ರೋಗದ ಉಲ್ಲೇಖವಿಲ್ಲದಿದ್ದರೆ ಆತ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು. ಪುರಾವೆ ತಾ ಎಂದು ಅರ್ಜಿದಾರನನ್ನು ಕೇಳಬಾರದು. ಸಂಶಯದ ಲಾಭ ಅವನಿಗೇ ಸಲ್ಲಬೇಕು. ಸಂಶಯದ ಲಾಭ! ಕಳವಿನ ಆರೋಪ ಹೊತ್ತವನಿಗೆ ನಮ್ಮ ನ್ಯಾಯಾಲಯಗಳು ದಿನವೂ ಕೊಡುವ ಈ ಲಾಭವನ್ನು ಒಬ್ಬ ಸಿಪಾಯಿ ಪಡೆಯುವುದಕ್ಕೆ ಎಷ್ಟು ಕಾಲ ಹಿಡಿಯಿತೆಂಬುದನ್ನು ವಾಚಕರು ಕೇಳಬೇಕು.

ಧರಮ್‌ವೀರ್ ಸಿಂಗ್ ಎಂಬ ಸಿಪಾಯಿ ೧೯೮೫ರ ಜೂನ್‌ನಲ್ಲಿ ಸೇನೆಯ ಸಿಗ್ನಲ್ಸ್ ದಳಕ್ಕೆ ಸೇರಿದ. ಸುಮಾರು ಒಂಬತ್ತು ವರ್ಷ ದುಡಿದ ಮೇಲೆ, ೧೯೯೪ರ ಏಪ್ರಿಲ್ ೧ರಂದು, ಮೂರ್ಛೆರೋಗದ ಕಾರಣದಿಂದ ನೂರಕ್ಕೆ ೨೦ರಷ್ಟು ಶಾಶ್ವತ ವೈಕಲ್ಯವಿದೆಯೆಂದು ಅವನನ್ನು ಸೇವೆಯಿಂದ ಬಿಡಿಸಿದರು. ಮೂರ್ಛೆರೋಗವೂ ನರಮಂಡಲದ ವ್ಯಾಧಿಯೇ. ಅದು ಬಂದು ಹೋದ ಮೇಲೆ ಮೈಮೇಲೆ ಗುರುತು ಉಳಿಯಬೇಕೆಂದೇನೂ ಇಲ್ಲ. ಸೇರುವಾಗ ಅದರ ಸುಳಿವಿರಲಿಲ್ಲ. ಆದರೂ ಮಂಡಳಿ ಸೇವೆಗೂ ರೋಗಕ್ಕೂ ಸಂಬಂಧವಿಲ್ಲವೆಂದು ಬರೆಯಿತು. ಏಕೆ ಇಲ್ಲ? ಅದಕ್ಕೆ ಕಾರಣವನ್ನು ಕೊಟ್ಟಿರಲಿಲ್ಲ. ಹಿಮಾಚಲ ಪ್ರದೇಶದ ಉಚ್ಚ ನ್ಯಾಯಾಲಯದಲ್ಲಿ ಏಕ ನ್ಯಾಯಾಧೀಶರು ಸಿಪಾಯಿಯ ಪರವಾಗಿ, ವಿಭಾಗೀಯ ಪೀಠದವರು ಸರಕಾರದ ಪರವಾಗಿ ತೀರ್ಪಿತ್ತರು. ಕೊನೆಗೆ ೨೦೧೩ರ ಜುಲೈ ೨ರಂದು ಸರ್ವೋಚ್ಚ ನ್ಯಾಯಾಲಯ, ನಿಯಮದಲ್ಲಿ ಮೊದಲಿನಿಂದಲೂ ಇದ್ದುದನ್ನೇ ಎತ್ತಿ ಹೇಳಿತು: ರುಜುವಾತಿನ ಹೊಣೆ ಸಿಪಾಯಿಯದಲ್ಲ, ಸರಕಾರದ್ದು. ಮನೆಗೆ ಹೊರಟ ದಿನದಿಂದ ಎಣಿಸಿದರೆ ಹತ್ತೊಂಬತ್ತು ವರ್ಷ; ದುಡಿದ ಕಾಲದ ಎರಡರಷ್ಟು.

ಅಲ್ಲಿಗೆ ಮುಗಿಯಿತೆಂದುಕೊಂಡರೆ ತಪ್ಪು. ಈ ನಡುವೆ ೨೦೦೮ರಲ್ಲಿ ಬಂದಿದ್ದ ನಿಯಮಗಳು, ಸೇವೆ ಬಿಟ್ಟು ೧೫ ವರ್ಷ ಕಳೆದ ಮೇಲೆ ಅರ್ಜಿ ಹಾಕಿದವನ ಮೇಲೆಯೇ ರುಜುವಾತಿನ ಹೊಣೆಯನ್ನು ಹೊರಿಸಿದ್ದವು. ಹೆಚ್ಚಿನ ರೋಗಗಳಿಗೆ ಇದು ನ್ಯಾಯವೆನ್ನಿಸೀತು. ಆದರೆ ಇಪ್ಪತ್ತೈದರ ಪ್ರಾಯದಲ್ಲಿ ಬೆಟ್ಟ ಹತ್ತಿಳಿದ ಬೆನ್ನು ತನ್ನ ಲೆಕ್ಕವನ್ನು ಒಪ್ಪಿಸುವುದು ಐವತ್ತರ ಆಚೆಗೆ. ೨೦೨೫ರ ಮೇ ತಿಂಗಳಲ್ಲಿ, ಮಾನಸಿಕ ವ್ಯಾಧಿಯಿಂದ ಸೇವೆ ಕಳೆದುಕೊಂಡ ಮತ್ತೊಬ್ಬ ಸಿಪಾಯಿಯ ಮೊಕದ್ದಮೆಯಲ್ಲಿ, ಕಾರಣ ಕೊಡದ ವೈದ್ಯಾಭಿಪ್ರಾಯ ನಿಲ್ಲದೆಂದು ಸರ್ವೋಚ್ಚ ನ್ಯಾಯಾಲಯ ಪುನಃ ಹೇಳಬೇಕಾಯಿತು. ಒಂದೇ ಪಾಠವನ್ನು ಹನ್ನೆರಡು ವರ್ಷಗಳ ಬಳಿಕ ಮತ್ತೆ ಒಪ್ಪಿಸುವ ವಿದ್ಯಾರ್ಥಿಯನ್ನು ನಾವು ಮೇಷ್ಟರುಗಳು ಮಂದಬುದ್ಧಿಯವನೆನ್ನುತ್ತೇವೆ; ಇಲ್ಲಿ ಪಾಠ ಒಪ್ಪಿಸುತ್ತಿರುವವರು ಮೇಷ್ಟರೇ.

ಬೇರೆ ದೇಶದ ಪದ್ಧತಿ ಹೇಗಿದೆಯೆಂದು ಕೇಳಬಹುದು. ಅಮೆರಿಕದಲ್ಲಿ ಮಾಜಿ ಯೋಧನ ಬೆನ್ನಿಗೆ ಕೋನಮಾಪಕ ಹಿಡಿಯುತ್ತಾರೆ. ಮುಂದಕ್ಕೆ ೯೦ ಡಿಗ್ರಿ ಬಾಗಿದರೆ ಸಹಜ. ೩೦ ಡಿಗ್ರಿಯನ್ನು ಮೀರಲಾಗದಿದ್ದರೆ ನೂರಕ್ಕೆ ೪೦ರ ದರ್ಜೆ. ೩೦ನ್ನು ಮೀರಿ ೬೦ರೊಳಗೆ ನಿಂತರೆ ೨೦. ಕಾಲಿಗಿಳಿದ ನರದ ನೋವಿಗೆ ಬೇರೆ ದರ್ಜೆ. ಅಚ್ಚುಕಟ್ಟೇನೋ ಹೌದು, ಬೆಳಗ್ಗೆ ಹಾಸಿಗೆಯಿಂದ ಏಳಲಾರದವನು ಮಧ್ಯಾಹ್ನ ವೈದ್ಯರೆದುರು ಹಲ್ಲು ಕಚ್ಚಿ ಬಾಗಿಬಿಟ್ಟರೆ ಮಾತ್ರ ಅಂಕ ಇಳಿಯುತ್ತದೆ. ರೋಗಕ್ಕೆ ಹೆಸರು ಸಿಗದಿದ್ದರೂ, ಕೆಲಸಕ್ಕೆ ಅಡ್ಡಬರುವ ನೋವು ತಾನೇ ಒಂದು ವೈಕಲ್ಯವೆಂದು ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಒಪ್ಪಿದ್ದು ೨೦೧೮ರಷ್ಟು ತಡವಾಗಿ. ವಿಯೆಟ್ನಾಮಿನಲ್ಲಿ ಎಲೆ ಉದುರಿಸುವ ವಿಷವನ್ನೆರಚಿದ ನೆಲದಲ್ಲಿ ನಡೆದವನ ಕೈಕಾಲಿನ ನರರೋಗ, ಒಂದು ವರ್ಷದೊಳಗೆ ತಲೆದೋರಿದ್ದರೆ ಮಾತ್ರ ತಾನಾಗಿ ಒಪ್ಪಿಗೆಯಾಗುತ್ತದೆ. ನರಕ್ಕೆ ಪಂಚಾಂಗ ನೋಡಲು ಬರುತ್ತದೆಯೆ?

ಆದರೆ ಅವರು ಮಾಡಿದ ಒಂದು ಕೆಲಸವನ್ನು ಮೆಚ್ಚಬೇಕು. ನರಗಳು ಸತ್ತು ಸ್ನಾಯುಗಳೆಲ್ಲ ಸೊರಗಿ ಉಸಿರು ನಿಲ್ಲುವ ಎ.ಎಲ್.ಎಸ್. ಎಂಬ ಭಯಂಕರ ವ್ಯಾಧಿಯೊಂದಿದೆ. ಬಹುಪಾಲು ರೋಗಿಗಳಲ್ಲಿ ಅದರ ಕಾರಣ ಇಂದಿಗೂ ಖಚಿತವಾಗಿ ತಿಳಿದಿಲ್ಲ. ಯೋಧರಲ್ಲಿ ಅದು ತುಸು ಹೆಚ್ಚೆಂದು ಅಧ್ಯಯನಗಳು ಸೂಚಿಸಿದ್ದವು, ಅಷ್ಟೆ. ಅಷ್ಟನ್ನೇ ಆಧಾರವಾಗಿಟ್ಟುಕೊಂಡು ೨೦೦೮ರಲ್ಲಿ ಅಲ್ಲಿಯ ಸರಕಾರ, ಸತತವಾಗಿ ೯೦ ದಿನ ಸೇವೆ ಸಲ್ಲಿಸಿದ ಯಾವ ಯೋಧನಿಗೆ ಈ ರೋಗ ಬಂದರೂ ಅದು ಸೇವೆಯಿಂದಲೇ ಬಂದಿತೆಂದು ಭಾವಿಸುವ ನಿಯಮ ಮಾಡಿತು. ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಂಡು, ಆ ಅಜ್ಞಾನದ ವೆಚ್ಚವನ್ನು ಬೊಕ್ಕಸ ಹೊತ್ತಿತು. ನಮ್ಮಲ್ಲಿ ತಿಳಿಯದುದರ ವೆಚ್ಚವನ್ನು ಸಿಪಾಯಿ ಹೊರುತ್ತಾನೆ.

ಹೀಗೆ ಬಾಗಿಲು ತೆರೆದರೆ ಸುಳ್ಳು ಅರ್ಜಿಗಳು ನುಗ್ಗುವುದಿಲ್ಲವೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ೨೦೨೩ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯ ಪ್ರಕಾರ, ನಿವೃತ್ತರಾಗುವ ಸೇನಾಧಿಕಾರಿಗಳಲ್ಲಿ ನೂರಕ್ಕೆ ೪೦ರ ಸುಮಾರು ಮಂದಿ ವೈಕಲ್ಯದ ವೇತನವನ್ನು ಪಡೆಯುತ್ತಿದ್ದರು; ಅವರಿಗಿಂತ ಕೆಳಗಿನ ದರ್ಜೆಯವರಲ್ಲಿ ಆ ಪ್ರಮಾಣ ೧೮ರ ಸುಮಾರು. ಅದೇ ವರ್ಷದ ಸೆಪ್ಟೆಂಬರ್ ೨೧ರಿಂದ ಹೊಸ ನಿಯಮಗಳು ಜಾರಿಗೆ ಬಂದವು. ಅಧಿಕಾರಿಗಳ ವಯಸ್ಸು ಹೆಚ್ಚು, ಸೇವೆ ದೀರ್ಘ ಎಂಬ ಸಮಾಧಾನವುಂಟು, ಇರಲಿ. ಹೊರೆ ಹೊತ್ತ ಬೆನ್ನುಗಳು ಹೆಚ್ಚಾಗಿ ಯಾರವು ಎಂಬುದನ್ನು ಯೋಚಿಸಿದರೆ, ಈ ಅಂಕಿಗಳಲ್ಲಿ ನನಗೆ ಕಾಣುವುದು ಸಿಪಾಯಿಯ ಕಪಟವಲ್ಲ, ಕಾಗದ ಬರೆಯಬಲ್ಲವನ ಅನುಕೂಲ. ಮೋಸವನ್ನು ತಡೆಯುವುದಕ್ಕೂ ಕಾರಣ ಬರೆಯುವುದೇ ಮದ್ದು. ಕಾರಣವಿಲ್ಲದ “ಅಲ್ಲ” ಎಷ್ಟು ಕೆಟ್ಟದ್ದೋ ಕಾರಣವಿಲ್ಲದ “ಹೌದು” ಕೂಡ ಅಷ್ಟೇ ಕೆಟ್ಟದ್ದು.

ಕೊಡಗಿನಿಂದ, ಬೆಳಗಾವಿ ವಿಜಯಪುರಗಳ ಹಳ್ಳಿಗಳಿಂದ ಹೋದ ನಮ್ಮ ಹುಡುಗರು ಈ ಇಂಗ್ಲಿಷ್ ಕಾಗದಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹಿಂದಿರುಗುತ್ತಾರೆ. ‘ಉಂಟಾದುದು’, ‘ಉಲ್ಬಣಿಸಿದುದು’ ಎಂಬ ಎರಡು ಪದಗಳ ಅಂತರವನ್ನು ಅವರಿಗೆ ತಿಳಿಸಿಕೊಡಲು ನ್ಯಾಯಶಾಸ್ತ್ರದ ಪದವಿ ಬೇಡ. ನಮ್ಮ ರಾಜ್ಯದ ಸೈನಿಕ ಕಲ್ಯಾಣ ಇಲಾಖೆಯವರು ಅರ್ಹತಾ ನಿಯಮಗಳನ್ನು ತಿಳಿಗನ್ನಡದಲ್ಲಿ ಚಿಕ್ಕ ಪುಸ್ತಿಕೆಯಾಗಿ ಮನೆಮನೆಗೆ ಮುಟ್ಟಿಸಲಿ. ಅಲ್ಲಿಯವರೆಗೆ ಊರಿನ ಉಪಾಧ್ಯಾಯರು, ಕಾಲೇಜಿನ ಹುಡುಗರು ಒಂದು ಭಾನುವಾರ ಕುಳಿತು ಆ ಪೆಟ್ಟಿಗೆಯ ಕಾಗದಗಳನ್ನು ದಿನಾಂಕದ ಪ್ರಕಾರ ಜೋಡಿಸಿಕೊಡಬಹುದು: ಸೇರುವಾಗಿನ ವೈದ್ಯ ಪರೀಕ್ಷೆಯ ನಕಲು, ಬೆನ್ನುನೋವೆಂದು ಆಸ್ಪತ್ರೆಗೆ ಹೋದ ಮೊದಲ ದಿನದ ಚೀಟಿ, ಆಗ ಇದ್ದ ನೆಲೆಯ ಹೆಸರು, ಬಿಡುಗಡೆಯ ದಿನ ಮಂಡಳಿ ಬರೆದ ಆ ಒಂದು ಸಾಲು. ಹಳತಾಯಿತೆಂದು ಯಾವ ಚೀಟಿಯನ್ನೂ ಒಲೆಗೆ ಹಾಕಬೇಡಿರೆಂದು ಆ ಮನೆಯ ತಾಯಂದಿರಿಗೂ ಹೇಳಿ ಬರಬೇಕು.