ಬೇಲಿಗಿರುವ ಬೆಲೆ

ಗಂಡ ಮನೆಯ ಹತ್ತಿರ ಸುಳಿಯಬಾರದು, ಫೋನೂ ಮಾಡಬಾರದು ಎಂದು ನ್ಯಾಯಾಲಯ ನಮ್ಮ ನೆರೆಮನೆಯವಳಿಗೆ ರಕ್ಷಣಾ ಆದೇಶ ಕೊಟ್ಟಿತ್ತು. ಆದರೂ ಒಂದು ರಾತ್ರಿ ಅವನು ಬಂದು ಬಾಗಿಲು ಒದ್ದ. ಬೆಳಿಗ್ಗೆ ಅವಳ ಜೊತೆ ನಾನೂ ಪೊಲೀಸ್ ಠಾಣೆಗೆ ಹೋದೆ. ಅಲ್ಲಿದ್ದವರು ಆದೇಶದ ಮೇಲೆ ಕಣ್ಣಾಡಿಸಿ ನಕ್ಕರು: "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಹೊಂದಿಕೊಂಡು ಹೋಗಮ್ಮಾ."

ನನಗೆ ಮೈ ಉರಿಯಿತು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ 2006ರಿಂದ ಜಾರಿಯಲ್ಲಿದೆ. ಅದರಲ್ಲಿ ಈ ಗಾದೆಗೆ ಜಾಗವಿಲ್ಲ. ರಕ್ಷಣಾ ಆದೇಶವನ್ನು, ಅದು ಮಧ್ಯಂತರದ್ದಾದರೂ ಸರಿ, ಮುರಿಯುವುದೇ ಅಪರಾಧ ಎನ್ನುತ್ತದೆ 31ನೇ ಕಲಮು. ಒಂದು ವರ್ಷದವರೆಗೆ ಸೆರೆ, ಇಲ್ಲವೆ 20,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. 32ನೇ ಕಲಮಿನ ಪ್ರಕಾರ ಇದು ಜಾಮೀನುರಹಿತ. ನೊಂದವಳೊಬ್ಬಳ ಸಾಕ್ಷ್ಯದ ಮೇಲೆಯೇ ನ್ಯಾಯಾಲಯ ಅಪರಾಧ ನಡೆದಿದೆಯೆಂದು ತೀರ್ಮಾನಿಸಬಹುದು.

ನ್ಯಾಯಾಲಯದ ಮಾತು ಮೀರಿದ್ದೂ ಮನೆಯ ಜಗಳವೇ? ಹೊಲದ ಮೇಲೆ ತಡೆಯಾಜ್ಞೆ ಇದ್ದರೆ ಬೇಲಿ ದಾಟಲು ಜನ ಹೆದರುತ್ತಾರೆ. ಹೆಣ್ಣಿನ ಹೊಸ್ತಿಲಿಗೆ ಆ ಬೇಲಿಯ ಬೆಲೆಯೂ ಇಲ್ಲವೇ? ಶಿಕ್ಷೆಯ ಭಯವಿಲ್ಲದ ಆದೇಶ ಬರೀ ಕಾಗದ.

ಅಕ್ಕತಂಗಿಯರೇ, ಆದೇಶದ ಪ್ರತಿ ನಿಮಗೂ ಠಾಣೆಗೂ ಪುಕ್ಕಟೆಯಾಗಿ ಸಿಗಬೇಕು. ಅದನ್ನು ಬೀರುವಿನಲ್ಲಿ ಮಡಿಸಿಡಬೇಡಿ. ಅವನು ಬಂದ ದಿನ, ಹೊತ್ತು ಬರೆದಿಟ್ಟು ದೂರು ಕೊಡಿ. ಠಾಣೆಯವರು ಕೈಕಟ್ಟಿ ಕೂತರೆ ಆದೇಶ ಕೊಟ್ಟ ಮ್ಯಾಜಿಸ್ಟ್ರೇಟರ ಮುಂದೆಯೇ ನಿಲ್ಲಿ.

ಅಂದು ನಾವು ಹೊಂದಿಕೊಳ್ಳಲು ಮನೆಗೆ ಹಿಂದಿರುಗಲಿಲ್ಲ. ನೇರವಾಗಿ ಅಲ್ಲಿಗೇ ಹೋದೆವು.