ಅಕ್ಕಿ ಬೇಡದ ಸೈನ್ಯ

"ಕಂಪ್ಯೂಟರ್ ಗೇಮ್ ಆಡಿದ್ರೆ ಮಕ್ಕಳು ಹಾಳಾಗ್ತಾರೆ" ಅನ್ನೋರ ಜತೆ ನನಗೆ ಜಗಳ ಇಲ್ಲ. ಪಾಪ, ಅವರು ಆಡಿ ನೋಡಿದವರಲ್ಲ. ನನ್ನ ಜಗಳ ಇರೋದು ಆಡೋರ ಜತೆಗೇ, ಅಂದ್ರೆ ನಮ್ಮವರ ಜತೆಗೇ. "ನಮ್ದು ಢಂ ಢಂ ಅಂತ ಗುಂಡು ಹೊಡೆಯೋ ಆಟ ಅಲ್ಲ ಮಾರಾಯ್ರೆ, ಸ್ಟ್ರಾಟಜಿ! ಇದ್ರಿಂದ ಇತಿಹಾಸ ಕಲೀಬಹುದು" ಅಂತ ಎದೆಯುಬ್ಬಿಸಿ ಹೇಳ್ತಾರಲ್ಲ, ಆ ಮಾತನ್ನ ಇವತ್ತು ಸ್ವಲ್ಪ ಬಿಚ್ಚಿ ನೋಡೋಣ.

ಗೊತ್ತಿಲ್ಲದವರಿಗೆ ಎರಡು ಮಾತು. ಚದುರಂಗದ ಹಾಗೆ ನನ್ನ ಸರದಿ ಮುಗಿದ ಮೇಲೆ ನಿನ್ನ ಸರದಿ ಅಂತ ನಡೆಯೋ ಯುದ್ಧದ ಆಟಗಳಿವೆ. 2005ರಲ್ಲಿ ಬಂದ ಸಿವಿಲೈಜೇಶನ್ 4 ಅದ್ರಲ್ಲಿ ದೊಡ್ಡ ಹೆಸರು. ಭೂಪಟ ಪೂರ್ತಿ ಚೌಕ ಚೌಕ. ನಗರ ಕಟ್ಟಬೇಕು, ಸೈನ್ಯ ತಯಾರು ಮಾಡಬೇಕು, ಒಂದೊಂದೇ ಚೌಕ ಮುಂದೆ ನೂಕಬೇಕು. ಇದಕ್ಕೆ ಅಭಿಮಾನಿಗಳೇ ಮಾಡಿ ಹಂಚಿದ ಸನ್ನಿವೇಶಗಳು ರಾಶಿ ರಾಶಿ ಇವೆ. ಈ ಮಳೆಗಾಲ ಹೊರಗೆ ಕಾಲಿಡೋ ಹಾಗಿರಲಿಲ್ಲ. ಬನ್ನಂಜೆಯ ನಮ್ಮ ಮನೆಯ ಹಳೇ ಕಂಪ್ಯೂಟರಲ್ಲಿ ಅಂಥದ್ದೊಂದನ್ನ ಮೂರು ವಾರ ಕೂತು ಆಡಿ ಮುಗಿಸಿದೆ. ಇಡೀ ಜಗತ್ತಿನ ಭೂಪಟದ ಮೇಲೆ ಎರಡನೇ ಮಹಾಯುದ್ಧ. ನಾನು ಬ್ರಿಟನ್. ಇಂಡಿಯಾನೂ ಬ್ರಿಟನ್ನಿನ ಬಣ್ಣದಲ್ಲೇ. ಬೊಂಬಾಯಿಗೂ ಮದ್ರಾಸಿಗೂ ನಡುವೆ ನಮ್ಮ ಕರಾವಳಿ ಪೂರ್ತಿ ಸೇರಿ ಒಂದು ಹಸಿರು ಚೌಕ :)

ಮಜಾ ಬಂತಾ? ಬಂತು, ಸುಳ್ಳು ಯಾಕೆ ಹೇಳ್ಲಿ. ರಂಗೂನ್ ಕೈ ತಪ್ಪಿದಾಗ ರಾತ್ರಿ ನಿದ್ದೆ ಬರಲಿಲ್ಲ. ಗುಡ್ಡದ ಮೇಲೆ ನಿಂತ ಪಡೆಗೆ ನೂರಕ್ಕೆ 25 ಹೆಚ್ಚು ರಕ್ಷಣೆ, ಕಾಡಾದ್ರೆ 50. ಅದನ್ನೇ ನಂಬಿ ಬರ್ಮಾದ ಗಡಿಯಲ್ಲಿ ಜಪಾನಿನವರನ್ನ ತಡೆದು ನಿಲ್ಲಿಸಿದೆ. ಆಟ ಚೆನ್ನಾಗಿದೆ. ಅದಕ್ಕೇ ಬರೀತಿದ್ದೇನೆ. ಕೆಟ್ಟ ಆಟದ ಬಗ್ಗೆ ಯಾರು ತಲೆ ಕೆಡಿಸಿಕೊಳ್ತಾರೆ?

ನನ್ನ ಪಕ್ಕ ಕೂತು ಪೂರ್ತಿ ನೋಡಿದ್ದು ಅಕ್ಕನ ಮಗ. ಮಣಿಪಾಲದಲ್ಲಿ ಒಂಬತ್ತನೇ ಕ್ಲಾಸು. ಎಲ್ಲ ಮುಗಿದ ಮೇಲೆ ಕಲ್ಕತ್ತಾದ ಮೇಲೆ ಒತ್ತಿ ನೋಡ್ದ. ನಗರ 11ರಿಂದ 14ಕ್ಕೆ ಬೆಳೆದಿತ್ತು. "ಬಂಗಾಳಕ್ಕೆ ಏನೂ ಆಗ್ಲಿಲ್ಲ ಮಾವ, ಯುದ್ಧ ಅಲ್ಲಿ ತನಕ ಬರ್ಲೇ ಇಲ್ಲ" ಅಂದ. ಖುಷಿಯಲ್ಲೇ ಅಂದ. ಹುಡುಗನ ತಪ್ಪೇನಿಲ್ಲ, ಆಟ ತೋರಿಸಿದ್ದನ್ನೇ ಹೇಳಿದ.

ಈಗ ನಿಜವಾಗಿ ಏನಾಯ್ತು ನೋಡಿ. 1942ರ ಮಾರ್ಚಲ್ಲಿ ರಂಗೂನ್ ಬಿತ್ತು. ಬರ್ಮಾದ ಅಕ್ಕಿ ನಿಂತಿತು. ಜಪಾನಿಗಳ ಕೈಗೆ ಸಿಗಬಾರದು ಅಂತ ಸರಕಾರವೇ ಬಂಗಾಳದ ಕರಾವಳಿಯಿಂದ ಅಕ್ಕಿಯನ್ನೂ, ಹತ್ತಾರು ಸಾವಿರ ದೋಣಿಗಳನ್ನೂ ಎತ್ತಿಸಿತು. ಮಲ್ಪೆಯವರ ದೋಣಿ ಕಿತ್ತುಕೊಂಡು "ಇನ್ನು ಬದುಕಿ" ಅಂದ್ರೆ ಹೇಗಿರುತ್ತೆ, ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾ? 1943ರಲ್ಲಿ ಬರಗಾಲ. ಸರಕಾರದ ವಿಚಾರಣಾ ಆಯೋಗ 1945ರಲ್ಲಿ ಕೊಟ್ಟ ಲೆಕ್ಕವೇ ಸುಮಾರು 15 ಲಕ್ಷ ಸಾವು. ಆಮೇಲೆ ಲೆಕ್ಕ ಹಾಕಿದ ಹಲವು ವಿದ್ವಾಂಸರು 30 ಲಕ್ಷದವರೆಗೆ ಹೋಗ್ತಾರೆ. ಯುದ್ಧ ಅಲ್ಲಿ ತನಕ ಬರ್ಲೇ ಇಲ್ಲವಂತೆ!

ಇದು ಆ ಸನ್ನಿವೇಶ ಮಾಡಿದವನೊಬ್ಬನ ಮರೆವು ಅಲ್ಲ. ಆಟದ ಕಾನೂನೇ ಹಾಗಿದೆ. ನಗರದ ಒಂದೊಂದು ತಲೆಗೂ ಸರದಿಗೆ 2 ಆಹಾರ ಬೇಕು. ಸಾಲದಿದ್ರೆ ನಗರದ ಅಂಕೆ ಒಂದು ಇಳಿಯುತ್ತೆ, ಅಷ್ಟೇ. ಸೈನ್ಯ ಮಾತ್ರ ಏನೂ ತಿನ್ನಲ್ಲ! ಅದಕ್ಕೆ ಬೇಕಿರೋದು ಚಿನ್ನ. ವೈರಿಯ ನೆಲದಲ್ಲಿ ಸುಮ್ನೆ ಕೂತ್ರೂ ನಿಧಾನಕ್ಕೆ ಗಾಯ ಮಾಯುತ್ತೆ. ಗದ್ದೆ ಕೊಳ್ಳೆ ಹೊಡೆದ್ರೆ ನಿಮ್ಮ ಖಜಾನೆಗೆ ಚಿನ್ನ ಬೀಳುತ್ತೆ. ಆ ಗದ್ದೆಯವನು ಮನೆ ಮಂದಿ ಕಟ್ಟಿಕೊಂಡು ಎಲ್ಲಿಗೆ ಹೋದ ಅಂತ ಆಟ ಕೇಳಲ್ಲ. ಮಳೆಗಾಲ ಇಲ್ಲ. ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್ ಮಳೆ ಬೀಳೋ ಊರಲ್ಲಿ ಕೂತು, ಮಳೆಯೇ ಇಲ್ಲದ ಯುದ್ಧ ಆಡಿದೆ ನಾನು. ಅಂದ ಹಾಗೆ ಇದೇ ಆಟದಲ್ಲಿ ಇಂಡಿಯಾ ದೇಶಕ್ಕಂತ ಕೊಟ್ಟ ವಿಶೇಷ ಪಡೆ ಯಾವುದು ಗೊತ್ತಾ? ಸೈನಿಕ ಅಲ್ಲ, 'ಫಾಸ್ಟ್ ವರ್ಕರ್'. ಬೇರೆ ದೇಶದ ಕೂಲಿಗಿಂತ ಒಂದು ಚೌಕ ಬೇಗ ಓಡೋ ಕೂಲಿ. ಸ್ವಂತ ಇಚ್ಛೆಯಿಂದ ಸೇರಿದ 25 ಲಕ್ಷ ಸೈನಿಕರನ್ನ ಆ ಮಹಾಯುದ್ಧಕ್ಕೆ ಕಳಿಸಿದ ನೆಲಕ್ಕೆ ಸಿಕ್ಕಿದ ಮರ್ಯಾದೆ!

ಬಂಗಾಳ ದೂರ ಆಯ್ತು ಅಂತೀರಾ? ಸರಿ, ನಮ್ಮೂರಿಗೇ ಬರೋಣ.

ಹೈದರಾಲಿ ತೀರಿಕೊಂಡಿದ್ದು 1782ರ ಡಿಸೆಂಬರಲ್ಲಿ. ಸಮಯ ನೋಡಿ ಬೊಂಬಾಯಿಯಿಂದ ಜನರಲ್ ಮ್ಯಾಥ್ಯೂಸ್ ಬಂದ. ಕುಂದಾಪುರ ಹಿಡಿದ, ಹೊಸಂಗಡಿ ಘಾಟಿ ಹತ್ತಿದ, 1783ರ ಜನವರಿ ಕೊನೆಗೆ ಬಿದನೂರು ಅವನ ಕೈಯಲ್ಲಿ. ಮಾರ್ಚಲ್ಲಿ ಮಂಗಳೂರು ಕೋಟೆ. ಭೂಪಟದ ಮೇಲೆ ಹಾಕಿದ್ರೆ ಎಂಥಾ ಚಂದದ ಆಟ! ಆದ್ರೆ ಆ ಬೇಸಿಗೆಯಲ್ಲೇ ಟಿಪ್ಪು ಬಂದು ಬಿದನೂರು ವಾಪಸ್ ಕಸಿದ. ಮೇ ತಿಂಗಳಲ್ಲಿ ಮಂಗಳೂರಿಗೆ ಮುತ್ತಿಗೆ ಹಾಕಿದ. ಒಳಗೆ ಕರ್ನಲ್ ಕ್ಯಾಂಬೆಲ್. ಮೇ ಆದ ಮೇಲೆ ಇಲ್ಲಿ ಏನು ಬರುತ್ತೆ? ನಮ್ಮ ಮಳೆ. ಕಂದಕದಲ್ಲಿ ನೀರು, ಸಮುದ್ರದಲ್ಲಿ ಹಡಗು ಬರೋ ಹಾಗಿಲ್ಲ. ಆಗಸ್ಟಲ್ಲಿ ಕದನವಿರಾಮ ಆಯ್ತು, ಆದ್ರೂ ಕೋಟೆಯೊಳಗೆ ಹೋದ ಆಹಾರ ಸಾಲಲಿಲ್ಲ. ಹಸಿವು, ಮೈಯೆಲ್ಲ ವ್ರಣವಾಗೋ ಸ್ಕರ್ವಿ ರೋಗ. 1784ರ ಜನವರಿ 30ಕ್ಕೆ ಕೋಟೆ ಶರಣಾಯ್ತು. ಗೋಡೆ ಹಾರಿ ಗೆದ್ದದ್ದಲ್ಲ, ಹೊಟ್ಟೆ ಒಣಗಿಸಿ ಗೆದ್ದದ್ದು. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ ಆಯ್ತು.

ಇನ್ನೊಂದು ನೋಡಿ. 1791ರ ಮೇ 15, ಶ್ರೀರಂಗಪಟ್ಟಣದ ಹತ್ತಿರ ಅರಕೆರೆ. ಕಾರ್ನ್‌ವಾಲಿಸ್ ಕಾಳಗ ಗೆದ್ದ. ಆಟದಲ್ಲಾದ್ರೆ ಮುಂದಿನ ಸರದಿಗೆ ಕೋಟೆ ನಿಮ್ಮದು. ಆದ್ರೆ ಅವನ ಎತ್ತುಗಳು ಸತ್ತಿದ್ದವು, ಅಕ್ಕಿ ಮುಗಿದಿತ್ತು. ಗೆದ್ದವನು ತನ್ನ ದೊಡ್ಡ ಫಿರಂಗಿಗಳನ್ನ ತಾನೇ ಒಡೆಸಿ ಹಿಂದಕ್ಕೆ ನಡೆದ! ಮುಂದಿನ ವರ್ಷ ಬಂದಾಗ ಬಂಜಾರರ ಎತ್ತಿನ ಸಾಲುಗಳಲ್ಲಿ ಧಾನ್ಯ ಹೇರಿಸಿಕೊಂಡು ಬಂದ, ಟಿಪ್ಪುವನ್ನ ಒಪ್ಪಂದಕ್ಕೆ ಎಳೆದ. ಅಂದ್ರೆ ಆ ಯುದ್ಧದ ದಿಕ್ಕು ತಿರುಗಿಸಿದವರಲ್ಲಿ ಲಂಬಾಣಿಗಳೂ ಇದ್ದರು. ಯಾವ ಆಟದಲ್ಲಿ ನೋಡಿದ್ದೀರಿ ಅವರನ್ನ?

"ಅಯ್ಯೋ, ಆಟ ಅಂದ್ರೆ ಆಟ, ಅಕ್ಕಿ ಎಣಿಸ್ತಾ ಕೂತ್ರೆ ಯಾರು ಆಡ್ತಾರೆ?" ಅಂತ ನೀವು ಕೇಳೋದು ಗೊತ್ತು. ಎಣಿಸಿದ್ದಾರೆ ಸ್ವಾಮೀ! 1979ರಲ್ಲಿ ಅಮೆರಿಕದಲ್ಲಿ 'ದಿ ಕ್ಯಾಂಪೇನ್ ಫಾರ್ ನಾರ್ತ್ ಆಫ್ರಿಕಾ' ಅಂತ ಒಂದು ಬೋರ್ಡ್ ಗೇಮ್ ಬಂತು. ಇಟಲಿಯ ಸೈನಿಕರಿಗೆ ಪಾಸ್ತಾ ಬೇಯಿಸೋಕೆ ಹೆಚ್ಚಿನ ನೀರು ಬೇಕು ಅಂತ ಅದ್ರಲ್ಲಿ ಒಂದು ನಿಯಮ ಇದೆ. 1994ರ ಪ್ಯಾಂಜರ್ ಜನರಲ್ ಅನ್ನೋ ಸರದಿ ಆಟದಲ್ಲಿ ಟ್ಯಾಂಕಿನ ಇಂಧನವನ್ನೂ, ಮದ್ದುಗುಂಡನ್ನೂ ಲೆಕ್ಕ ಇಡ್ತಾರೆ. ಆದ್ರೆ ಲೆಕ್ಕ ಯಾವಾಗ್ಲೂ ಸೈನಿಕನದ್ದು. ಇಟಲಿಯವನ ಪಾಸ್ತಾ ನೀರಿಗೂ ಲೆಕ್ಕ ಇದೆ, ಅವನು ಹಾದುಹೋದ ಊರಿನ ಹೆಂಗಸಿನ ಅಕ್ಕಿ ಮಡಕೆಗೆ ಇಲ್ಲ. ಊರವರ ಕಡೆಯಿಂದಲೂ ಆಟ ಮಾಡಬಹುದು ಅಂತ ಪೋಲೆಂಡಿನವರು 2014ರಲ್ಲಿ 'ದಿಸ್ ವಾರ್ ಆಫ್ ಮೈನ್' ಮಾಡಿ ತೋರಿಸಿದ್ರು. ಮುತ್ತಿಗೆಯೊಳಗೆ ಸಿಕ್ಕಿಬಿದ್ದ ಸಾಮಾನ್ಯ ಜನ, ಅವರಿಗೊಂದು ಹೊತ್ತಿನ ಊಟ. ಜನ ಕೊಂಡು ಆಡಿದ್ರು. ಹಾಗಾಗಿ ಆಗಲ್ಲ ಅನ್ನೋದು ನೆವ.

ಇನ್ನು ಟಿಪ್ಪು ಹೆಸರು ಎತ್ತಿದ ಕೂಡಲೇ ಎರಡು ಪಾರ್ಟಿ ಎದ್ದು ನಿಲ್ಲುತ್ತೆ ಅಂತ ಗೊತ್ತು. ಒಬ್ಬರಿಗೆ ಅವನು ಹುಲಿ, ಇನ್ನೊಬ್ಬರಿಗೆ ರಾಕ್ಷಸ. ಎರಡೂ ಕಡೆಯವರೂ ಆಟದ ಭೂಪಟದ ಮೇಲಿಂದಲೇ ನೋಡ್ತಾರೆ ಅನ್ನೋದು ನನ್ನ ತಕರಾರು. 1784ರಲ್ಲಿ ಕರಾವಳಿಯ ಕ್ರೈಸ್ತರನ್ನ ಮನೆ ಬಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ನಡೆದ ಸಂಗತಿ. ಎಷ್ಟು ಜನ ಅನ್ನೋದರ ಬಗ್ಗೆ ಇವತ್ತಿಗೂ ಜಗಳ ಇದೆ. ಅದಕ್ಕಿಂತ ಮೊದಲ ವರ್ಷ ಕಂಪೆನಿ ಸೈನ್ಯ ಇದೇ ಊರುಗಳ ಮೇಲೆ ನಡೆದು ಹೋದದ್ದೂ ನಡೆದ ಸಂಗತಿ. ಎರಡು ಸೈನ್ಯಕ್ಕೂ ಊಟ ಹಾಕಿದ್ದು ಒಂದೇ ಗದ್ದೆ. ಆ ಗದ್ದೆಯಿಂದ ನೋಡಿದ್ರೆ ಹುಲಿನೂ ಕಾಣಲ್ಲ, ಸಿಂಹನೂ ಕಾಣಲ್ಲ. ಖಾಲಿ ಕಣಜ ಕಾಣುತ್ತೆ.

ಹಾಗಂತ ಆಟ ನಿಲ್ಲಿಸಿ ಅಂತ ನಾನು ಹೇಳಲ್ಲ. ಆಡಿ, ನಾನೂ ಆಡ್ತೇನೆ. ಆದ್ರೆ "ಇತಿಹಾಸ ಕಲಿಸುತ್ತೆ" ಅನ್ನೋ ಬೋರ್ಡು ಮೊದಲು ಕೆಳಗಿಳಿಸಿ. ಅದು ಕಲಿಸೋದು ಜನರಲ್ ಸಾಹೇಬರ ಮೇಜು. ಇತಿಹಾಸ ಮೇಜಿನ ಕೆಳಗಿತ್ತು.

ಬೈದು ಸುಮ್ಮನಿರೋದು ಸುಲಭ, ಹಾಗಾಗಿ ಒಂದು ಕೆಲಸ ಮುಂದಿಡ್ತೇನೆ. ಸಿವಿಲೈಜೇಶನ್ 4ರ ಸನ್ನಿವೇಶ ಅಂದ್ರೆ ಬರೀ ಟೆಕ್ಸ್ಟ್ ಫೈಲು, ನೋಟ್‌ಪ್ಯಾಡಲ್ಲಿ ತೆಗೆದು ತಿದ್ದಬಹುದು. ದುಡ್ಡು ಕೊಡದೆ ಸಿಗೋ ಫ್ರೀಸಿವ್‌ನಲ್ಲಿ ನಿಯಮಗಳೇ ಟೆಕ್ಸ್ಟ್ ಫೈಲು. 1783ರ ಕರಾವಳಿಯನ್ನ ನಾವೇ ಮಾಡೋಣ. ಲೆಕ್ಕ ಎಲ್ಲಿಂದ ಅಂತೀರಾ? 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕಾರ್ಕಳ, ಉಡುಪಿ, ಬಾರ್ಕೂರು, ಕುಂದಾಪುರ ಅಂತ ಇದೇ ದಾರಿಯಲ್ಲಿ ಹೋದವನು, ಗದ್ದೆ ಎಷ್ಟು ಬೆಳೆ, ಎಷ್ಟು ತೆರಿಗೆ ಅಂತೆಲ್ಲ ಬರೆದಿಟ್ಟು 1807ರಲ್ಲಿ ಪುಸ್ತಕ ಮಾಡಿದ. ಗೋವಾದ ಪೋರ್ಚುಗೀಸರು ಬಸರೂರು, ಬಾರ್ಕೂರು, ಮಂಗಳೂರಿನ ಅಕ್ಕಿ ಉಂಡು ಬದುಕಿದ ಕತೆ ಯಾವ ಇತಿಹಾಸದ ಪುಸ್ತಕದಲ್ಲೂ ಸಿಗುತ್ತೆ. ಪ್ರೋಗ್ರಾಮಿಂಗ್ ಬರೋರು ಬೆಂಗಳೂರಲ್ಲಿ ಬೇಕಾದಷ್ಟು ಜನ ಬ್ಲಾಗ್ ಬರೀತೀರಿ. ಕೃಷಿ ಗೊತ್ತಿರೋರು ಪುತ್ತೂರು, ತೀರ್ಥಹಳ್ಳಿ ಕಡೆ ಇದ್ದೀರಿ. ಯಾವ ಚೌಕದಲ್ಲಿ ಯಾವ ತಿಂಗಳು ಹೊಳೆ ದಾಟೋಕಾಗಲ್ಲ ಅಂತ ಹೇಳೋಕೆ ನಾನಿದ್ದೇನೆ :)

ನಿಯಮ ಒಂದೇ ಸಾಕು. ಸೈನ್ಯ ಒಂದು ಚೌಕ ನಡೆದ್ರೆ ಆ ಚೌಕದ ಅಕ್ಕಿ ಕಡಿಮೆಯಾಗಬೇಕು. ಅಕ್ಕಿ ಮುಗಿದ ಚೌಕದಲ್ಲಿ ಎಷ್ಟು ಮನೆ ಇತ್ತು ಅಂತ ಪರದೆ ಮೇಲೆ ಬರಬೇಕು. ಆಮೇಲೆ ಯಾರು ಬೇಕಾದ್ರೂ ಗೆಲ್ಲಲಿ. ಯಾರು ಬರ್ತೀರಿ ಹೇಳಿ.